ಹೊರಳಿದ ಎನ್

ಓರ್ವಿಲ್ ಶಾಂಕ್ ಗುಂಡಿಯೊಳಗಿಂದ ಕೂಗಿದ:
ಲೊರೀನ್, ಬುಟ್ಟಿ ಇಳಿಸು.
ಎಂಟಡಿ ಆಳದ ಹಳೇ ಕಕ್ಕಸು ಗುಂಡಿ.
ನೂರಿಪ್ಪತ್ತು ವರ್ಷ ಕಳೆದರೆ ಎಲ್ಲವೂ ಮಣ್ಣೇ,
ಮೂಗು ಮುಚ್ಚುವ ಕಾಲ ಎಂದೋ ಮುಗಿದಿದೆ.
ಒಡೆದದ್ದು, ಬೇಡವಾದದ್ದು,
ಗಂಡನಿಗೆ ಕಾಣದಂತೆ ಕುಡಿದು ಖಾಲಿ ಮಾಡಿದ್ದು,
ಎಲ್ಲ ಇಲ್ಲಿಗೇ ಬೀಳುತ್ತಿತ್ತು, ಕತ್ತಲಾದ ಮೇಲೆ.

ಹಗ್ಗ ಹಿಡಿದು ಮೇಲೆ ಬಂತು
ಸೌತೆ ಉಪ್ಪಿನಕಾಯಿಯ ಜಾಡಿ,
ಮಾರ್ಚಿಯಲ್ಲಿ ಕೆರೆಯಂಚಿಗೆ ಉಳಿದ ಮಂಜುಗಡ್ಡೆಯ ಬಣ್ಣ.
ನಲ್ಲಿಗೆ ಹಿಡಿದು ಉಜ್ಜಿದೆ. ಹೆಬ್ಬೆರಳಿಗೆ ಸಿಕ್ಕವು ಉಬ್ಬಕ್ಷರ:
ಹ್ಯಾಡ್ಲರ್ ಬ್ರದರ್ಸ್. ಕೆಳಗೆ, ಇಂಡಿಯಾನಾ.
ಅದರ ಎನ್‌ಗಳೆರಡೂ ಹಿಂದುಮುಂದು,
ಅಂಗಿ ತಿರುವಿ ತೊಟ್ಟ ಅವಳಿ ಹುಡುಗರ ಹಾಗೆ.

ಮೂವತ್ತೊಂದು ವರ್ಷ ಟಪಾಲು ಹಂಚಿದವಳು ನಾನು.
ತಪ್ಪು ಬರಹ ಕಂಡರೆ ಕೈ ಸುಮ್ಮನಿರದು,
ಬರೆದವರ ಬಾಗಿಲು ಹುಡುಕುತ್ತದೆ.

ಹುಡುಕಿದೆ.
ಈ ಊರಲ್ಲಿ ಒಮ್ಮೆ ನೆಲ ಚುಚ್ಚಿದರೆ ಬೆಂಕಿ ಬರುತ್ತಿತ್ತಂತೆ.
ಬಿಟ್ಟಿ ಅನಿಲ. ಬೀದಿಗೊಂದು ಪಂಜು, ಹಗಲೂ ಉರಿ,
ಆರಿಸುವುದಕ್ಕಿಂತ ಉರಿಯಗೊಡುವುದೇ ಅಗ್ಗ.
ರಾತ್ರಿಯಿಲ್ಲದ ಊರಲ್ಲಿ ಕೋಳಿಗಳು
ಯಾವಾಗ ಕೂಗಬೇಕೆಂದು ತಿಳಿಯದೆ
ಯಾವಾಗಲೂ ಕೂಗಿದವು.
ಆ ಬೆಳಕಿಗೆ ಮುತ್ತಿ ಬಂದವು ಗಾಜಿನ ಕುಲುಮೆಗಳು.
ಹ್ಯಾಡ್ಲರರದ್ದು ಹದಿನಾಲ್ಕು ವರ್ಷ ನಡೆಯಿತು.
ಒಂದು ಬೆಳಗ್ಗೆ ಜ್ವಾಲೆ ಮೊಳಕಾಲೆತ್ತರಕ್ಕಿಳಿಯಿತು,
ಮರುವಾರ ಮೇಣದಬತ್ತಿಯಷ್ಟು.
ಈಗ ಅಲ್ಲಿ ಟೈರು ಅಂಗಡಿ.

ಜಾತ್ರೆ ಸಂತೆಗಳಲ್ಲಿ ಜನ ಜಾಡಿಯನ್ನು ಬಿಸಿಲಿಗೆತ್ತಿ
ಗಾಜಿನೊಳಗಿನ ಗುಳ್ಳೆ ತೋರಿಸಿ ಕರಗಿಹೋಗುತ್ತಾರೆ:
ಊದಿದವನ ಉಸಿರು, ನೋಡಿ, ಇನ್ನೂ ಇದೆ!
ಅಲ್ಲ ಮಾರಾಯರೇ. ಅದು ಸರಿಯಾಗಿ ಬೇಯದ ಮರಳಿನ ಗಾಳಿ.
ಅವನ ಉಸಿರು ಅವನ ಕೆಮ್ಮಿನೊಂದಿಗೆ ಹೋಯಿತು.

ಸಂಬಳದ ಪುಸ್ತಕದಲ್ಲಿ ಸಿಕ್ಕ:
ನೆಸ್ಟೋರ್ ಗೊಬ್, ಅಚ್ಚು ಕೊರೆಯುವವ, ಬೆಲ್ಜಿಯಂನಿಂದ ಬಂದವ,
ವಾರಕ್ಕೆ ಹದಿನೆಂಟು ಡಾಲರು.
ಜನಗಣತಿಯ ಹಾಳೆಯಲ್ಲಿ ಮತ್ತೆ ಸಿಕ್ಕ.
ಓದಬಲ್ಲನೆ? ಇಲ್ಲ.
ಬರೆಯಬಲ್ಲನೆ? ಇಲ್ಲ.
ಅಷ್ಟೇ ಸಾಕಾಯಿತು ನನಗೆ.
ಆರು ವರ್ಷ ಮೇಜಿನ ಹಿಂದೆ ನಿಂತು ಕಥೆ ಹೇಳಿದೆ:
ಅಕ್ಷರ ಬಾರದವನ ಕೈಯಲ್ಲಿ ಅಕ್ಷರದ ಉಳಿ!
ಜನ ನಕ್ಕರು. ಬೆಲೆ ನಲವತ್ತು ಡಾಲರ್ ಏರಿತು.
ನಮ್ಮ ಹವ್ಯಾಸದಲ್ಲಿ ತಪ್ಪಿಗೇ ತೂಕ ಹೆಚ್ಚು.

ಹೋದ ಚಳಿಗಾಲ, ನ್ಯಾಯಾಲಯದ ನೆಲಮಾಳಿಗೆಯಲ್ಲಿ,
ಬಿಸಿನೀರಿನ ಕೊಳವೆಯ ಪಕ್ಕ ಕುಳಿತು
ಬೇರೆ ಯಾರನ್ನೋ ಹುಡುಕುತ್ತಿದ್ದಾಗ
ಒಂದು ಕ್ರಯಪತ್ರ, ಅರ್ಧ ಎಕರೆ, ಒಂದು ಬಾವಿ.
ಓದು ಬಾರದವರೆಲ್ಲ ಅಡ್ಡಗೀಟು ಎಳೆಯುವ ಜಾಗದಲ್ಲಿ,
'ನೆಸ್ಟೋರ್ ಗೊಬ್ ಇವರ ಗುರುತು' ಎಂದು ಗುಮಾಸ್ತ ಬರೆದ ನಡುವೆ,
ಒಂದೇ ಒಂದು ಅಕ್ಷರ.
ಎನ್.
ನೆಟ್ಟಗೆ, ದಪ್ಪಗೆ, ಕಾಗದ ಹರಿಯುವಷ್ಟು ಒತ್ತಿ.

ಕೋಟು ಹಾಕಿಕೊಂಡೇ ಕುಳಿತಿದ್ದೆ ಬಹಳ ಹೊತ್ತು.
ಅಚ್ಚಿನಲ್ಲಿ ಎಲ್ಲವನ್ನೂ ತಿರುವಿ ಕೊರೆಯಬೇಕು,
ಆಗ ಗಾಜಿನಲ್ಲಿ ಸರಿ ಮೂಡುತ್ತದೆ.
ಗೊತ್ತಿಲ್ಲದ ಅಕ್ಷರಗಳನ್ನೆಲ್ಲ ಅವನು
ಮಾದರಿಯ ಹಾಳೆ ನೋಡಿ ನೋಡಿ ತಿರುವಿದ್ದಾನೆ,
ಒಂದೂ ತಪ್ಪಿಲ್ಲ.
ಇದೊಂದು ಬಂದಾಗ ಹಾಳೆ ನೋಡಲಿಲ್ಲ.
ಇದು ಗೊತ್ತಿತ್ತು.

ಜಾಡಿಗೆ ಕಟ್ಟಿದ್ದ ಬೆಲೆಚೀಟಿ ಬಿಚ್ಚಿದೆ.
ಮಾರುವುದಿಲ್ಲವಾ, ಅಂದ ಓರ್ವಿಲ್,
ಬೀಟ್‌ರೂಟ್ ಹಾಕಿಡ್ತೀಯಾ ಹಾಗಾದರೆ?
ಅಡುಗೆಮನೆಯ ಕಿಟಕಿಯಲ್ಲಿ ಇಟ್ಟೆ,
ಮುಖ ಬೀದಿಗೆ, ಬೆನ್ನು ನನಗೆ.
ಪಾತ್ರೆ ತೊಳೆಯುತ್ತ ನೋಡಿದರೆ
ಹ್ಯಾಡ್ಲರರ ಹೆಸರೆಲ್ಲ ತಲೆತಿರುಗಿ ನಿಂತಿರುತ್ತದೆ,
ಎನ್‌ಗಳೆರಡು ಸರಿಯಾಗಿ.

ಟಪಾಲಿನ ಹೊಸ ಹುಡುಗ ಮೊನ್ನೆ
ಗಾಜಿಗೆ ಬೆರಳು ತಾಗಿಸಿ ಹೇಳಿದ:
ಅಮ್ಮಾ, ಅಕ್ಷರ ತಪ್ಪಾಗಿದೆ.
ನಿನ್ನ ಕಡೆಯಿಂದ, ಎಂದೆ.